ಹುಮನಾಬಾದಿಗೆ ಚಹಾ ಕುಡಿಯಲು

ಬಂದೇನವಾಜರಿಗೆ ಆ ಬೆಳಿಗ್ಗೆ ಬೇಕಾಗಿದ್ದದ್ದು ಒಂದು ಕಪ್ ಬಿಸಿ ಚಹಾ, ಅಷ್ಟೇ. ಬಸವಕಲ್ಯಾಣದಲ್ಲಿ ಅದು ಸಿಗುವ ಹಾಗಿರಲಿಲ್ಲ. ಹೆಂಡತಿ ಕರೀಮಾ ಚಹಾ ಕೊಡುತ್ತಿದ್ದಳು, ನಿಜ. ಆದರೆ ಕಪ್ ತುಟಿಗೆ ಹೋಗುವಷ್ಟರಲ್ಲಿ ಯಾರೋ ಒಬ್ಬರು ಧೈರ್ಯ ಹೇಳಲು ಬಂದು ಕೂರುತ್ತಿದ್ದರು.

ಹೈದರಾಬಾದಿನಲ್ಲಿ ಕ್ಯಾನ್ಸರಿನ ಚಿಕಿತ್ಸೆ ಮುಗಿದಿತ್ತು. ಡಾಕ್ಟರು ಸಂತೋಷದಿಂದಲೇ ಕಳಿಸಿಕೊಟ್ಟಿದ್ದರು. ತಲೆಯ ಕೂದಲು ಮಾತ್ರ ಹೋಗಿತ್ತು, ಹುಬ್ಬಿನ ಸಮೇತ. ತಮ್ಮ ಮೋಟಾರ್ ವೈಂಡಿಂಗ್ ಅಂಗಡಿಯ ಬಾಗಿಲು ತೆಗೆಯುವ ಶಕ್ತಿ ಇನ್ನೂ ಬಂದಿರಲಿಲ್ಲ. ಹೀಗಾಗಿ ಮನೆಯ ಕಟ್ಟೆಯ ಮೇಲೆ ಕೂತು ಓಣಿಯವರಿಗೆಲ್ಲ ಸಿಗುತ್ತಿದ್ದರು. ಎದುರು ಮನೆಯ ಶೇವಂತಾಬಾಯಿ ಪಪ್ಪಾಯಿ ಎಲೆಯ ರಸ ತಂದು, ಕುಡಿದು ಮುಗಿಸುವವರೆಗೂ ನಿಂತಿರುತ್ತಿದ್ದಳು. ಪಕ್ಕದ ಮನೆಯ ಅಬ್ದುಲ್ ರಜಾಕ್ ರಸ ತರುತ್ತಿರಲಿಲ್ಲ, ಮಾತು ತರುತ್ತಿದ್ದ.

"ಹಿಮ್ಮತ್ ಬಿಡಬ್ಯಾಡ್ರಿ ಭಾಯಿ. ನಗಕೋತ ಇರ್ರಿ. ನಮ್ಮ ಮಾವಗೂ ಇದೇ ಬಿಮಾರಿ ಇತ್ತು, ನಗಕೋತನೇ ಇದ್ದ."

"ಈಗ ಹ್ಯಾಂಗಿದ್ದಾರ?"

"ಹೋಗಿ ವರ್ಷ ಆತ್ರಿ. ಆದ್ರ ಕಡೀತನಕ ನಗಕೋತ ಇದ್ದ."

ಬಂದೇನವಾಜ್ ಟೋಪಿ ಹಾಕಿಕೊಂಡು ಹುಮನಾಬಾದಿನ ಬಸ್ ಹತ್ತಿದರು. ಅಲ್ಲಿ ಅವರನ್ನು ಬಲ್ಲವರು ಯಾರೂ ಇರಲಿಲ್ಲ. ಯಾರ ಕಣ್ಣಿಗೂ ರೋಗಿಯಾಗದೆ ಒಂದು ಚಹಾ ಕುಡಿದು ಬಂದರೆ ಸಾಕಿತ್ತು. ಕಿಟಕಿಯ ಪಕ್ಕ ಕೂತದ್ದೇ ತಪ್ಪಾಯಿತು. ಹೆದ್ದಾರಿಯ ಗಾಳಿಗೆ ಟೋಪಿ ಹಾರಿ ಯಾರದೋ ತೊಗರಿ ಹೊಲದ ಪಾಲಾಯಿತು.

ಹುಮನಾಬಾದಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಹಬೆಯಾಡುವ ಚಹಾ ಬಂತು. ಅದರ ಜೊತೆಗೇ ಮಾಲೀಕ ವಸೀಮ್ ಗಲ್ಲಾದಿಂದ ಎದ್ದು ಬಂದು ಅವರ ತಲೆಯನ್ನೇ ನೋಡುತ್ತ ನಿಂತ. ಮಕ್ಕಾದಲ್ಲಿ ಉಮ್ರಾ ಯಾತ್ರೆ ಮುಗಿಸಿದವರು ತಲೆ ಬೋಳಿಸಿಕೊಂಡು ಬರುವುದು ಆ ಕಡೆ ಎಲ್ಲರಿಗೂ ಗೊತ್ತು.

"ಉಮ್ರಾದಿಂದ ಬಂದೀರೇನ್ರಿ ಚಾಚಾ?"

ಇಲ್ಲ ಎಂದರೆ ಮುಂದಿನ ಪ್ರಶ್ನೆ ಕೂದಲಿನದು. ಬಂದೇನವಾಜ್ ಸುಮ್ಮನೆ ಚಹಾ ನೋಡಿದರು. ವಸೀಮನಿಗೆ ಅಷ್ಟೇ ಸಾಕಾಯಿತು. ಅವರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ.

"ನಮ್ಮ ಅಣ್ಣ ಏಜಾಜ್‌ಗ ಕ್ಯಾನ್ಸರ್ ಅದ್ರಿ. ಇಲಾಜ್ ಮುಗದದ, ಆದ್ರ ಊಟ ಬಿಟ್ಟಾನ, ಮಾತ ಬಿಟ್ಟಾನ. ಉಮ್ರಾ ಮಾಡಿ ಬಂದವರ ದುವಾ ಮುಟ್ಟತದ ಅಂತಾರ. ಹಿಂದೇ ಮನಿ, ಬರ್ರಿ."

ಚಹಾ ಮೇಜಿನ ಮೇಲೇ ಉಳಿಯಿತು.

ಏಜಾಜ್ ತಲೆತುಂಬ ಚಾದರ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮನೆಯವರು ಬಾಗಿಲು ಎಳೆದುಕೊಂಡು ಹೊರಗೆ ನಿಂತರು. ಪ್ರಾರ್ಥನೆಗೆ ಕೈ ಎತ್ತಿದ ಬಂದೇನವಾಜರ ಬಾಯಿಂದ ಓಣಿಯ ಮಾತೇ ಹೊರಬಿತ್ತು: "ಹಿಮ್ಮತ್ ಬಿಡಬ್ಯಾಡಪ್ಪ." ಅಂದ ಕೂಡಲೇ ಅವರಿಗೆ ನಾಚಿಕೆಯಾಯಿತು.

ಏಜಾಜ್ ತಿರುಗಿ ಅವರ ಮುಖವನ್ನು ಚೆನ್ನಾಗಿ ನೋಡಿದ. "ಉಮ್ರಾದಾಗ ಹುಬ್ಬೂ ತಗೀತಾರೇನ್ರಿ?"

ಬಂದೇನವಾಜ್ ಹುಬ್ಬಿದ್ದ ಜಾಗ ಮುಟ್ಟಿಕೊಂಡರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಏಜಾಜ್ ಎದ್ದು ಕೂತ. "ನಿಮಗೂ ಬಾಯಾಗ ಎಲ್ಲಾ ಕಬ್ಬಿಣದ ರುಚಿ ಹತ್ತತದೇನ್ರಿ?"

"ನೀರು ಸುದ್ದಾ. ನಿಂಬಿಹಣ್ಣು ಹಿಂಡಕೊಂಡ್ರ ಸ್ವಲ್ಪ ಬೇಸ್ ಅನಸ್ತದ."

"ಪಪ್ಪಾಯಿ ರಸ?"

"ಎದರ ಮನಿ ಬಾಯಿ ತರ್ತಾಳ."

"ನಮ್ಮಲ್ಲಿ ಅತ್ತಿ ತರ್ತಾಳ್ರಿ."

ಬಂದೇನವಾಜ್ ರಜಾಕನ ಮಾವನ ಕತೆ ಹೇಳಿದರು. ಏಜಾಜ್ ಹೊಟ್ಟೆ ಹಿಡಿದುಕೊಂಡು ನಕ್ಕ. ರೋಗದ ಯಾವ ಮಾತಿನಿಂದ ತಪ್ಪಿಸಿಕೊಳ್ಳಲು ಊರು ಬಿಟ್ಟು ಬಂದಿದ್ದರೋ ಅದೇ ಮಾತನ್ನು ಬಂದೇನವಾಜ್ ಹೊತ್ತು ಹೋದದ್ದೇ ತಿಳಿಯದೆ ಆಡಿದರು. ಮನಸ್ಸು ಹಗುರಾಗಿತ್ತು.

ಹೊರಗಿನವರಿಗೆ ಕೇಳಿಸಿದ್ದು ನಗು ಮಾತ್ರ. ಆಮೇಲೆ ಏಜಾಜ್ ತಾನಾಗಿಯೇ ಖಿಚಡಿ ಕೇಳಿದ, ನಿಂಬೆಹಣ್ಣು ಹಿಂಡಿಕೊಂಡು ತಟ್ಟೆ ಖಾಲಿ ಮಾಡಿದ. ಮನೆಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇಂಥ ದುವಾ ಮಾಡಿದವರನ್ನು ಬಸ್ಸಿನಲ್ಲಿ ಕಳಿಸುವುದುಂಟೇ? ಬೇಡವೆಂದರೂ ಕೇಳದೆ ವಸೀಮ್ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಬಸವಕಲ್ಯಾಣಕ್ಕೆ ಬಂದ.

ಮನೆಯ ಮುಂದೆ ರಜಾಕ್ ಇದ್ದ. ವಸೀಮ್ ನಡೆದದ್ದನ್ನೆಲ್ಲ ಹೇಳಿದ.

"ಎಲ್ಲೀ ಉಮ್ರಾ?" ಎಂದ ರಜಾಕ್. "ಇವರು ಹೈದರಾಬಾದ್ ದವಾಖಾನಿಗೆ ಹೋಗಿದ್ರು. ಇವರಿಗೂ ಅದೇ ಬಿಮಾರಿ."

ವಸೀಮ್ ಬಂದೇನವಾಜರನ್ನು ನೋಡಿದ. ಅವರು ನೆಲ ನೋಡಿದರು. ಮಾನ ಹೋಯಿತು, ಇನ್ನಾದರೂ ಒಳಗೆ ಹೋಗಿ ಚಹಾ ಕುಡಿಯಬಹುದು ಎಂದುಕೊಂಡರು.

"ಆದ್ರ ನಮ್ಮ ಅಣ್ಣ ಉಂಡನಲ್ರಿ," ಎಂದ ವಸೀಮ್.

ರಜಾಕ್ ಗಡ್ಡ ಕೆರೆದುಕೊಂಡ. "ಉಣ್ಣದೇ ಏನ ಮಾಡ್ತಾನ? ಬಿಮಾರ್ ಮನಷ್ಯಾನ ದುವಾ ಸೀದಾ ಮ್ಯಾಲ ಹೋಗ್ತದ. ಇಷ್ಟ ದಿನ ನಮಗ ಇದು ಹೊಳೀಲೇ ಇಲ್ಲ ನೋಡ್ರಿ."

ಮರುದಿನ ಕರೀಮಾ ಚಹಾ ತಂದಾಗ ಕಟ್ಟೆಯ ಮೇಲೆ ಕಪ್ಪಿಡಲು ಜಾಗವಿರಲಿಲ್ಲ. ಧೈರ್ಯ ಹೇಳಲು ಒಬ್ಬರೂ ಬಂದಿರಲಿಲ್ಲ. ಶೇವಂತಾಬಾಯಿ ಮೊಣಕಾಲು ನೋವಿನ ಅಕ್ಕನನ್ನು ಮಂಠಾಳದಿಂದ ಕರೆಸಿದ್ದಳು. ಎಲ್ಲರಿಗಿಂತ ಮುಂದೆ ರಜಾಕ್ ಕೂತಿದ್ದ. ಅವನ ಮಗಳಿಗೆ ಗಂಡು ಗೊತ್ತಾಗಬೇಕಿತ್ತು.

ದುವಾ ಮುಗಿಸಿ ಬಂದೇನವಾಜ್ ಹೊಸ ಟೋಪಿ ತೆಗೆದು ತಲೆ ಒರೆಸಿಕೊಂಡರು. ರಜಾಕ್ ಬಗ್ಗಿ ಆ ತಲೆಯನ್ನು ಹತ್ತಿರದಿಂದ ನೋಡಿದ. ಅವನ ಮುಖ ಸಪ್ಪಗಾಯಿತು.

"ಕೂದಲ ಬರಾಕತ್ತಾವಲ್ರಿ ಭಾಯಿ."

"ಹೌದ್ರಿ," ಎಂದರು ಬಂದೇನವಾಜ್, ಸಂತೋಷ ತಡೆಯಲಾರದೆ.

"ಇಷ್ಟ ಜಲ್ದಿ ಯಾಕ್ರಿ? ಹುಡಗೀದು ರಿಷ್ತಾ ಪಕ್ಕಾ ಆಗೋತನಕ ಆರಾಮ ಆಗಬ್ಯಾಡ್ರಿ."

ಕರೀಮಾ ಆರಿದ ಚಹಾವನ್ನು ಮತ್ತೆ ಒಳಗೆ ಒಯ್ದಳು.