ನೂಲೆಳೆಯಷ್ಟು ಸೋಲು

ಗೆದ್ದವರ ಹೆಸರು ಕೂಗುವುದಕ್ಕೆ ಗಂಟಲಿದ್ದರೆ ಸಾಕು, ಎಷ್ಟರಲ್ಲಿ ಗೆದ್ದರು ಎಂದು ಕೂಗುವುದಕ್ಕೆ ಗುಂಡಿಗೆ ಬೇಕು. ನನಗೆ ಗಂಟಲು ದೊಡ್ಡದಿತ್ತು, ಗುಂಡಿಗೆ ಅಷ್ಟಕ್ಕಷ್ಟೇ. ಅದಕ್ಕೇ ವರ್ಷಕ್ಕೊಂದು ಫಜೀತಿ ತಪ್ಪದೆ ಬರುತ್ತಿತ್ತು.

ಅದು ನಿಜಾಮರ ಕಾಲ. ತಳಕಲ್ ಕಡೆಯ ಒಂದು ಹಳ್ಳಿಯಲ್ಲಿ ನಾನು ಖಾಸಗಿ ಕನ್ನಡ ಶಾಲೆ ನಡೆಸುತ್ತಿದ್ದೆ. ಶಾಲೆ ಎಂದರೆ ಗೌಡರ ಮನೆಯ ಪಡಸಾಲೆ. ಗೌಡರು ನಕ್ಕರೆ ಹುಡುಗರಿಗೆ ಸೂರು, ಮುನಿದರೆ ಬೇವಿನ ಗಿಡದ ನೆರಳು. ಊರಲ್ಲಿ ಫೂಟುಪಟ್ಟಿ ಇದ್ದವನು ನಾನೊಬ್ಬನೇ. ಹೀಗಾಗಿ ಕಾರಹುಣ್ಣಿಮೆಗೆ ಎತ್ತುಗಳಿಂದ ಕಲ್ಲು ಜಗ್ಗಿಸುವ ಶರತ್ತಿಗೆ ನಾನೇ ಪಂಚನಾದೆ. ಪೈಪೋಟಿ ಯಾವಾಗಲೂ ಎರಡೇ ಜೋಡಿಗೆ: ಒಂದು ಗೌಡರದು, ಇನ್ನೊಂದು ಕೊಪ್ಪಳ ಸ್ಟೇಷನ್ನಿಂದ ಕುಷ್ಟಗಿಗೆ ಬಾಡಿಗೆ ಬಂಡಿ ಹೊಡೆಸುವ ಸಾಹೇಬರದು. ಎತ್ತು ನಿಂತು ಕಲ್ಲು ಅಲುಗಾಡದಾದಲ್ಲಿ ಗೂಟ ಹೊಡೆಯುವುದು, ಒಂದು ಜೋಡಿಯ ಗೂಟದಿಂದ ಇನ್ನೊಂದರ ಗೂಟಕ್ಕೆ ಅಳೆಯುವುದು, ಕಟ್ಟೆ ಹತ್ತಿ ಕೂಗುವುದು. ಇಷ್ಟೇ ಕೆಲಸ ಎಂದುಕೊಂಡಿದ್ದೆ.

೧. ಒಂದು ಗೇಣು

ಮೊದಲ ವರ್ಷ ಗೌಡರು ಸೋತರು. ಅಳೆದು ನೋಡಿದೆ, ಸರಿಯಾಗಿ ಒಂದು ಗೇಣು. ಇದ್ದದ್ದನ್ನು ಇದ್ದ ಹಾಗೆ ಕೂಗಿದೆ.

ಮರುದಿನ ಹೋದರೆ ಹುಡುಗರೆಲ್ಲ ಅಂಗಳದಲ್ಲಿ ನಿಂತಿದ್ದರು. ಪಡಸಾಲೆಯ ತುಂಬ ಜೋಳದ ಚೀಲಗಳು.

"ಏನ್ರಿ ಗೌಡ್ರ ಇದು?" ಎಂದೆ.

"ಏನ್ ಮಾಡೂದು ಮಾಸ್ತರ, ಚೀಲ ಇಡಾಕ ಒಳಗ ಜಾಗಾ ಸಾಲವಲ್ದು. ಒಂದು ಗೇಣು ಕಡಿಮಿ ಬಿತ್ತು."

ತಲೆಯ ಮೇಲೆ ಕೈ ಹೊತ್ತು, ಊರ ಲೆಕ್ಕ ಬರೆಯುವ ಕುಲಕರ್ಣಿಯವರ ಮನೆಗೆ ಹೋದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ನನ್ನನ್ನು ಮರುಕದಿಂದ ನೋಡಿದರು.

"ಪಟ್ಟಿ ನೋಡಿ ಅಳೀರಿ, ಮಾರಿ ನೋಡಿ ಹೇಳ್ರಿ ಮಾಸ್ತರ. ಗೇಣಿನ ಕೆಳಗ ಚೋಟು ಐತಿ, ಬಟ್ಟು ಐತಿ, ಎಳ್ಳು ಐತಿ, ನೂಲೆಳಿ ಐತಿ, ಎಲ್ಲಾದಕ್ಕೂ ಕೆಳಗ ಕೂದಲೆಳಿ ಐತಿ. ಸೋತವರ ಮನಿ ಎಷ್ಟು ದೊಡ್ಡದೋ, ಅಷ್ಟು ಸಣ್ಣ ಮಾತು ತಗೋಬೇಕು."

ಅಂದು ಸಂಜೆಯೇ ಕಟ್ಟೆ ಹತ್ತಿ, ಪಟ್ಟಿ ಹಿಡಿಯುವಾಗ ಕೈ ನಡುಗಿತ್ತು, ಅಂತರ ನಿಜಕ್ಕೂ ಕೂದಲೆಳೆಯಷ್ಟೇ ಎಂದು ತಿದ್ದಿ ಕೂಗಿದೆ. ಬೆಳಗಾಗುವಷ್ಟರಲ್ಲಿ ಚೀಲಗಳಿಗೆ ಬೇರೆಲ್ಲೋ ಜಾಗ ಸಿಕ್ಕಿತ್ತು.

೨. ಎರಡು ಓಣಿ

ಎರಡನೆಯ ವರ್ಷವೂ ಗೌಡರೇ ಸೋತರು, ಅದೂ ಗೇಣಿನಷ್ಟೇ. ಈ ಸಲ ನಾನು ಹಿಂದೆ ಮುಂದೆ ನೋಡಲಿಲ್ಲ. "ಕೂದಲೆಳೆ!" ಎಂದು ಕೂಗಿಬಿಟ್ಟೆ. ಗೌಡರು ಮೀಸೆ ತಿರುವಿದರು.

ಸಂಜೆ ಸಾಹೇಬರು ನನ್ನ ಮನೆಗೆ ಬಂದರು. ಬಹಳ ಸಾವಧಾನದ ಮನುಷ್ಯ, ದನಿ ಏರಿಸಿದವರಲ್ಲ. ಜೇಬಿನಿಂದ ಗೇಣುದ್ದದ ಹಗ್ಗದ ತುಂಡೊಂದನ್ನು ತೆಗೆದು ಚಾಪೆಯ ಮೇಲಿಟ್ಟರು.

"ಮಾಸ್ತರ್ ಸಾಬ್, ಇದು ನಾ ಗೆದ್ದದ್ದು. ಗೂಟದಿಂದ ಗೂಟಕ್ಕ ಹಿಡಿದು ಕತ್ತರಿಸಿ ತಂದೀನಿ. ನನ್ನ ಎತ್ತು ವರ್ಷಾನಗಟ್ಲೆ ಹುರುಳಿ ತಿಂದಾವ. ಕೂದಲೆಳಿ ಗೆಲ್ಲಾಕ ಬರೇ ಹುಲ್ಲು ಸಾಕಿತ್ತಲ್ರಿ?"

ಅವರ ಮಾತಲ್ಲಿ ನ್ಯಾಯವಿತ್ತು. ನಾನು ಯೋಚನೆ ಮಾಡಿ ಒಂದು ಏರ್ಪಾಡು ಮಾಡಿಕೊಂಡೆ. ಗೌಡರ ಓಣಿಯಲ್ಲಿ ಯಾರು ಕೇಳಿದರೂ ಕೂದಲೆಳೆ, ಸಾಹೇಬರ ಓಣಿಯಲ್ಲಿ ಯಾರು ಕೇಳಿದರೂ ಗೇಣು. ಎರಡೂ ಕಡೆ ಸಮಾಧಾನ. ನನ್ನ ಬುದ್ಧಿಗೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ವಾರದ ಮೇಲೆ ಕುಲಕರ್ಣಿಯವರು ದಾರಿಯಲ್ಲಿ ತಡೆದು ನಿಲ್ಲಿಸಿದರು.

"ನನ್ನ ಮನಿ ಎರಡೂ ಓಣಿ ಕೂಡೋ ಮೂಲ್ಯಾಗ ಐತಿ ಮಾಸ್ತರ. ನಾ ಎಷ್ಟಂತ ತಿಳ್ಕೊಬೇಕು?"

೩. ಮಲಗಿ ನೋಡಿದ್ದು

ಮೂರನೆಯ ವರ್ಷ ಸಾಹೇಬರ ಜೋಡಿ ಮೊದಲು ಎಳೆಯಿತು. ಕಲ್ಲು ನಿಂತಲ್ಲಿ ಗೂಟ ಹೊಡೆದು ಅಡ್ಡಲಾಗಿ ದಾರ ಕಟ್ಟಿದೆವು. ಆಮೇಲೆ ಗೌಡರ ಎತ್ತು ಬಂದವು. ಕಲ್ಲು ದಾರದ ಹತ್ತಿರ ಹತ್ತಿರ ಬರುವಷ್ಟರಲ್ಲಿ ಮೊಣಕಾಲೂರಿ ಕೂತವು, ಏಳಲೇ ಇಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ನೋಡಿದೆ. ಕಲ್ಲಿಗೂ ದಾರಕ್ಕೂ ನಡುವೆ ನೂಲೆಳೆಯಷ್ಟೇ ಬೆಳಕು! ಮೂರು ವರ್ಷದಲ್ಲಿ ಮೊದಲ ಸಲ ಅಳತೆಯೂ ಗೌಡರಿಗೆ ಒಗ್ಗುವ ಮಾತೂ ಒಂದಾಗಿದ್ದವು. ಖುಷಿಯಲ್ಲಿ ಕಟ್ಟೆಗೆ ಹಾರಿ, "ಸಾಹೇಬರ ಗೆಲುವು, ನೂಲೆಳೆಯಷ್ಟು!" ಎಂದು ಕೂಗಿದೆ.

ದೂರದ ಚಪ್ಪರದಲ್ಲಿ ಕೂತಿದ್ದ ಗೌಡರು ಎದ್ದು ಬಂದರು. ಮುಖ ಕಪ್ಪಿಟ್ಟಿತ್ತು.

"ಮಾಸ್ತರ, ಗೇಣು ಸೋತಾಗ ಕೂದಲೆಳಿ ಅಂದ್ರಿ. ಕೂದಲಿಗಿಂತ ನೂಲು ದಪ್ಪ. ಹಂಗಾದ್ರ ಈ ವರ್ಷ ನಾ ಒಂದು ಮಾರು ಸೋತೇನೇನು? ನಾಳಿಂದ ಸಾಲಿ ಗಿಡದ ಬುಡಕ್ಕ ನಡಸ್ರಿ."

ಮಳೆಗಾಲ ಬಾಗಿಲಿಗೆ ಬಂದು ನಿಂತಿದೆ, ಅಷ್ಟು ಹುಡುಗರನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಖರೇ ಹೇಳಿದರೂ ನಂಬದ ಹಾಗೆ ಮಾಡಿಕೊಂಡವನು ನಾನೇ. ಇನ್ನೂ ಸಣ್ಣ ಮಾತು ಹುಡುಕಿದರೆ ಕೂದಲಿನ ಕೆಳಗೆ ಏನೂ ಉಳಿದಿರಲಿಲ್ಲ. ಹಿಂದೆಂದೂ ಮುಟ್ಟದ ಗೌಡರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ನನ್ನ ಮಾತು ಬಿಡ್ರಿ ಗೌಡ್ರ. ನೀವ ಮಲಗಿ ನೋಡ್ರಿ."

ಜನ ಸರಿದು ಜಾಗ ಬಿಟ್ಟರು. ಗೌಡರು ರುಮಾಲು ಬಿಚ್ಚಿ ಆಳಿನ ಕೈಗೆ ಕೊಟ್ಟು, ಬಿಳಿ ಧೋತರದಲ್ಲೇ ಮಣ್ಣಲ್ಲಿ ಬೋರಲು ಮಲಗಿದರು. ಒಂದು ಕಣ್ಣು ಮುಚ್ಚಿ ನೋಡಿದರು. ಆ ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದರು. ಬಹಳ ಹೊತ್ತಿನ ಮೇಲೆ ಮೂಗಿಗೆಲ್ಲ ಮಣ್ಣು ಹತ್ತಿಸಿಕೊಂಡು ಎದ್ದರು. ಮುಖ ಅರಳಿತ್ತು.

"ಮಾಸ್ತರ! ಇಷ್ಟು ಕಡಿಮಿಗೆ ನಮ್ಮಪ್ಪನೂ ಸೋತಿದ್ದಿಲ್ಲ!"

ಕಲ್ಲನ್ನು ಯಾರೂ ಅಲುಗಿಸಬಾರದೆಂದು ಅಪ್ಪಣೆಯಾಯಿತು. ಸುತ್ತ ಮುಳ್ಳಿನ ಬೇಲಿ ಬಿತ್ತು. ಯಲಬುರ್ಗಾ ಸಂತೆಗೆ ಹೋಗುವವರೂ ದಾರಿ ಬಿಟ್ಟು ಬಂದು, ಮಲಗಿ, ಗೌಡರ ಸೋಲನ್ನು ನೋಡಿ ಎದ್ದು ಹೋಗತೊಡಗಿದರು. ನೋಡಿದವರಿಗೆಲ್ಲ ಗೌಡರ ಕೈಯಿಂದ ಬೆಲ್ಲ. ಪಡಸಾಲೆಗೆ ಸುಣ್ಣ ಬಳಿಸಿದರು, ನಮಗೊಂದು ಹೊಸ ಹಲಗೆಯೂ ಬಂತು.

ಒಂದು ದಿನ ಪಾಠ ನಡೆದಿರುವಾಗ ಸಾಹೇಬರು ಬಂದು ಪಡಸಾಲೆಯ ತುದಿಗೆ ಕೂತರು. ಮುಖ ಸಪ್ಪಗಿತ್ತು.

"ಮಾಸ್ತರ್ ಸಾಬ್, ಗೆದ್ದಾಂವ ನಾನು. ನನ್ನ ಮನಿ ಕಡೆ ಒಂದು ನಾಯಿ ಸುದ್ದಾ ಹಾಯವಲ್ದು. ಬರೋ ವರ್ಷ ಇಷ್ಟರಾಗ ಸೋಲೋ ಪಾಳಿ ನಂದು. ಈಗ ಬರ್ಕೊಂಡು ಬಿಡ್ರಿ."