ಮುಟ್ಟಿದರೆ ಗೀರು

ಶಿರಾದ ಹೈವೇ ಪಕ್ಕ, ಸರ್ವೀಸ್ ರಸ್ತೇಲಿ ಕಾರು ಪಾಲಿಷ್ ಮಾಡೋ ಅಂಗಡಿ ನಂದು. ದಿನಾ ಬೆಳಿಗ್ಗೆ ಶಟರ್ ಎತ್ತುವಾಗ ‘ಇವತ್ತಾದರೂ ಏನೂ ಆಗದಿರಲಪ್ಪ’ ಅಂದ್ಕೋತೀನಿ. ಆಗೇ ಆಗುತ್ತೆ. ಈಗಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡು, ಗೇರಿನ ಸುತ್ತ, ಬಾಗಿಲ ಪಕ್ಕ, ಎಲ್ಲೆಲ್ಲೂ ಕನ್ನಡಿ ಹಾಗೆ ಹೊಳೆಯೋ ಕರೀ ಪ್ಲಾಸ್ಟಿಕ್ಕು ಹಾಕ್ತಾರೆ. ಒಣಬಟ್ಟೇಲಿ ಒರೆಸಿದ್ರೂ ಗೀರು, ಉಗುರು ತಾಗಿದ್ರೂ ಗೀರು. ಇದನ್ನ ಕಂಡುಹಿಡಿದ ಪುಣ್ಯಾತ್ಮ ನಮ್ಮ ಬಿಸಿಲಿಗೆ ಒಂದು ದಿನ ನಿಂತು ನಮ್ಮ ಧೂಳು ಕುಡಿದಿದ್ದರೆ ಈ ಪಾಪ ಮಾಡ್ತಿರಲಿಲ್ಲ. ನಾನು ಅರ್ಧ ದಿನ ಉಜ್ಜಿ ಹೊಳಪು ತರಿಸ್ತೀನಿ, ಪಾವಗಡದ ಕಡೆ ಹೋಗೋ ಲಾರಿ ಒಂದೇ ನಿಮಿಷದಲ್ಲಿ ಮಣ್ಣು ಎರಚಿ ಹೋಗುತ್ತೆ. ಹನ್ನೊಂದು ವರ್ಷದಿಂದ ಇದೇ ಗೋಳು. ನನ್ನ ಮುಖ ನೋಡಿ ಹೊಸಬರು ‘ಮನೇಲಿ ಏನಾದ್ರೂ ಆಯ್ತಾ?’ ಅಂತ ಕೇಳ್ತಾರೆ. ಪಕ್ಕದ ಕೋಣೇಲಿ ಬಟ್ಟೆ ಹೊಲಿಯೋ ನನ್ನ ಹೆಂಡತಿ ಒಳಗಿಂದಲೇ ಕೂಗ್ತಾಳೆ: ‘ಏನೂ ಇಲ್ಲ ಕಣಣ್ಣ, ಅವರ ಮುಖಾನೇ ಅಂಗೆ.’

ಹಾಳೆ ಕಿತ್ತಿದ್ದು

ಕಡಲೇಕಾಯಿ ಮಂಡಿಯ ಸಾಹೇಬರು ಕಾರು ತಂದರು. ಹೊಸ ಕಾರಿನ ಹೊಳಪಿನ ಮೇಲೆ ಕಂಪನಿಯೋರು ಅಂಟಿಸಿದ ತೆಳು ಹಾಳೆ ಇರುತ್ತಲ್ಲ, ಅದನ್ನ ಮೂರು ವರ್ಷ ಆದ್ರೂ ಕಿತ್ತಿರಲಿಲ್ಲ. ಬಿಸಿಲಿಗೆ ಕಾದು, ಸುಕ್ಕುಗಟ್ಟಿ, ಗಾಯದ ಹಕ್ಕಳೆ ಹಾಗೆ ಕೂತಿತ್ತು. ಕಿತ್ತರೆ ಕಾರು ಹಳೇದಾಗುತ್ತೆ ಅನ್ನೋದು ನಮ್ಮೋರ ನಂಬಿಕೆ. ಟಿವಿ ರಿಮೋಟಿನ ಕವರನ್ನೂ ನಾವು ತೆಗೆಯೋ ಜನ ಅಲ್ಲ. ಬಿಸಿಗಾಳಿ ಮಿಷನ್ ಹಿಡಿದು, ಉಗುರು ಸವೆಸಿ, ಚೂರು ಚೂರೇ ಬಿಡಿಸಿ, ಅಂಟು ತೆಗೆದು ಪಾಲಿಷ್ ಮಾಡಿದೆ. ಒಂದು ಗೀರೂ ಇಲ್ಲದ ಕರೀ ಹೊಳಪು ಹೊರಗೆ ಬಂತು. ಸಾಹೇಬರು ಅದರಲ್ಲಿ ತಮ್ಮ ಗಡ್ಡ ನೋಡಿಕೊಂಡು ‘ಮಾಷಾ ಅಲ್ಲಾ’ ಅಂದರು. ನನಗೂ ಅಪರೂಪಕ್ಕೆ ಖುಷಿಯಾಯ್ತು.

‘ಭಾಯ್, ಈಗ ಇದರ ಮೇಲೆ ಒಂದು ಹಾಳೆ ಅಂಟಿಸಿಬಿಡು.’

‘ಒಳ್ಳೇ ಫಿಲ್ಮ್ ಇದೆ ಸಾಹೇಬ್ರೇ, ಹಾಕಿದ್ದೇ ಗೊತ್ತಾಗಲ್ಲ.’

‘ಅರೇ, ಗೊತ್ತಾಗಬೇಕು! ಮೊದಲು ಇತ್ತಲ್ಲ ಮಬ್ಬು ಮಬ್ಬು, ಅಂಥದ್ದೇ ಹಾಕು.’

‘ಆಮೇಲೆ ಹೊಳಪು ಯಾರಿಗೆ ಕಾಣುತ್ತೆ?’

‘ಯಾರಿಗೆ ಯಾಕೆ ಕಾಣಬೇಕು ಭಾಯ್? ಒಳಗೆ ಇದೆ ಅಂತ ನನಗೆ ಗೊತ್ತಾಯ್ತಲ್ಲ, ಬಸ್!’

ಸ್ವಾಮಿ ಮೂಡಿದ್ದು

ಮಧುಗಿರಿಯ ದಿನಸಿ ಅಂಗಡಿಯೋರು ಹೊಸ ಕಾರಿಗೆ ಪೂಜೆ ಮಾಡಿಸಿದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ಅದಕ್ಕೆ ನನ್ನ ತಕರಾರಿಲ್ಲ. ವಿಭೂತಿ ಮಾತ್ರ ಹುಡುಕಿ ಹುಡುಕಿ ಡ್ಯಾಶ್‌ಬೋರ್ಡಿನ ಕರೀ ಹೊಳಪಿನ ಮೇಲೇ ಮೂರು ಪಟ್ಟೆ ಎಳೆದರು. ವಾರ ಬಿಟ್ಟು ಅಂಗಡಿಯೋರು ಒರಟು ಟವಲ್ ತಗೊಂಡು ಆ ಪಟ್ಟೆ ಉದ್ದಕ್ಕೂ ತಿಕ್ಕಿದ್ದಾರೆ. ಬೂದಿ ಹೋಯ್ತು, ಮೂರು ಪಟ್ಟೆ ಗೀರು ಉಳೀತು.

ಗೀರು ತೆಗೆಸೋಕೆ ಕಾರು ನನ್ನ ಹತ್ರ ತಂದರು. ನಾನು ಪಾಲಿಷ್ ಮಿಷನ್ ಹಿಡಿದು ಕೂತರೆ ಅವರ ತಾಯಿ ಬಂದು ಕೈ ಹಿಡಿದರು. ‘ಸ್ವಾಮಿ ಮೂಡವ್ನೆ, ಅಳಿಸ್ತೀಯೇನ್ಲಾ ಪಾಪಿ?’

ಕಾರು ಹಾಗೇ ವಾಪಸ್ ಹೋಯ್ತು. ದಿನಾ ಆ ಗೀರಿಗೆ ಹೂವು, ದಿನಾ ಕರ್ಪೂರದಾರತಿ, ಅದೂ ತೀರಾ ಹತ್ತಿರಕ್ಕೆ ಹಿಡಿದು. ತಿಂಗಳಾದ ಮೇಲೆ ಅಂಗಡಿಯೋರು ಅಳೋ ಮುಖ ಹಾಕ್ಕೊಂಡು ಮತ್ತೆ ಬಂದರು. ಬಿಸಿಗೆ ಪ್ಲಾಸ್ಟಿಕ್ಕು ಸುಟ್ಟು, ಪಟ್ಟೆಗಳ ನಡುವೆ ಗುಂಡಗೆ ಉಬ್ಬಿತ್ತು.

‘ಇದು ಪಾಲಿಷಿಗೆ ಬಗ್ಗಲ್ಲ, ಪೂರ್ತಿ ಬದಲಾಯಿಸಬೇಕು’ ಅಂದೆ.

ಹಿಂದಿನ ಸೀಟಲ್ಲಿ ಕೂತಿದ್ದ ತಾಯಿ ಎರಡೂ ಕೈ ಎತ್ತಿ ಮುಗಿದರು. ‘ಬದಲಾಯಿಸೋದಾ? ಇಷ್ಟು ದಿನ ಪೂಜೆ ಮಾಡಿದ್ದಕ್ಕೆ ಈಗ ಮೂರನೇ ಕಣ್ಣು ಬುಟ್ಟವ್ನೆ ಕಣ್ಲಾ!’

ಕೈ ಗುರುತು

ಇದನ್ನ ಹೇಳೋಕೆ ಈಗಲೂ ನಾಚಿಕೆ ನನಗೆ. ವಳ್ಳೂರಿನ ಯಜಮಾನರೊಬ್ಬರು, ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟೋರು, ಕಾರು ತಂದು ನಿಲ್ಲಿಸಿದರು.

‘ನಾಳೆ ನಮ್ಮನೇವಳ ವರ್ಷದ ತಿಥಿ. ನೆಂಟರು ಬತ್ತಾರೆ. ಎಲ್ಲಾ ಫಳಫಳ ಅನ್ನಂಗೆ ಮಾಡು. ಇದೊಂದು ಬುಟ್ಟು.’

ಬೆರಳು ತೋರಿಸಿದ ಕಡೆ ನೋಡಿದೆ. ಎಡಗಡೆ ಸೀಟಿನ ಎದುರು, ಹೊಳೆಯೋ ಕರೀ ಪಟ್ಟಿ ಮೇಲೆ ಜಿಡ್ಡು ಜಿಡ್ಡಾಗಿ ಏನೋ ಮಸುಕು.

‘ಕಾರು ತಂದ ದಿನ ಮೆಣಸಿನಕಾಯಿ ಬಜ್ಜಿ ತಿನ್ಕಂಡು ಕೂತಿದ್ಲು. ಗಾಡಿ ಹಂಪು ಎಗರ್ತು, ಹೆದರಿ ಅಲ್ಲಿ ಕೈ ಊರಿದ್ಲು. ಹೊಸ ಕಾರು ಗಲೀಜು ಮಾಡ್ದೆ ಅಂತ ಬೈದ್ಬುಟ್ಟೆ. ಮೂರು ತಿಂಗಳಿಗೆ ಹೋಗ್ಬುಟ್ಲು. ಫೋಟೋದಾಗೆಲ್ಲ ಯಾರದೋ ಹಿಂದೆ ನಿಂತವ್ಳೆ. ಅವಳ ಗುರುತು ಅಂತ ನಂಗೆ ಇರೋದು ಇದೊಂದೇ. ಮುಟ್ಬ್ಯಾಡ ಕಣಪ್ಪಾ.’

‘ಖಂಡಿತ ಮುಟ್ಟಲ್ಲ ಯಜಮಾನ್ರೇ’ ಅಂದೆ. ಅವರು ಟೀ ಕುಡಿಯೋಕೆ ಹೋದರು.

ಹನ್ನೊಂದು ವರ್ಷದ ಕೈ ನೋಡಿ ಇದು, ಜಿಡ್ಡು ಕಂಡರೆ ನನ್ನ ಮಾತು ಕೇಳಲ್ಲ. ಗೇರಿನ ಸುತ್ತ ಮುಗಿಸಿ, ಏನೋ ಯೋಚನೇಲಿ, ಬಟ್ಟೆ ಎಡಕ್ಕೆ ಹೋಗೇಬಿಟ್ಟಿತು. ತಲೆ ಎತ್ತಿ ನೋಡಿದರೆ ಪಟ್ಟಿ ಹೊಸದರ ಹಾಗೆ ಹೊಳೀತಿದೆ, ಅದರಲ್ಲಿ ನನ್ನ ಹಾಳು ಮುಖ ಕಾಣ್ತಿದೆ. ಒಬ್ಬ ಮನುಷ್ಯನ ಹೆಂಡತೀನ ಎರಡನೇ ಸಲ ಸಾಯಿಸಿದ್ದೆ.

ಒಳಗೆ ಓಡಿ ನನ್ನ ಹೆಂಡತಿಗೆ ಹೇಳಿದೆ. ‘ನೀನೊಂದು ಸಲ ಅಲ್ಲಿ ಕೈ ಊರು ಬಾರೇ.’

‘ಸತ್ತೋರ ಕೈ ಗುರುತು ನಾನ್ಯಾಕೆ ಹಾಕ್ಲಿ? ಬಿಡ್ತು ಅನ್ನಿ!’

‘ನಂದು ಗಂಡಸಿನ ಕೈ ಕಣೇ, ಗೊತ್ತಾಗುತ್ತೆ.’

ನಾನು ಅಳೋದೊಂದು ಬಾಕಿ. ಅವಳು ಬೈಕೊಂಡೇ ಎದುರಿನ ಗಾಡಿಯಿಂದ ಬಜ್ಜಿ ತಂದಳು, ಮುರಿದಳು, ಎಣ್ಣೆ ಕೈ ಊರಿದಳು. ‘ತಪ್ಪಾಯ್ತು ಕಣಕ್ಕಾ’ ಅಂತ, ಮುಖಾನೂ ನೋಡಿಲ್ಲದ ಆ ಹೆಂಗಸಿಗೆ ಕೈ ಮುಗಿದಳು. ಆಮೇಲೆ ಬಜ್ಜಿ ಯಾಕೆ ದಂಡ ಅಂತ ತಿಂದಳು.

ಯಜಮಾನರು ಬಂದರು. ಕಾರಿನ ಸುತ್ತ ತಿರುಗಿ ನೋಡಲಿಲ್ಲ, ನೇರ ಎಡಗಡೆ ಬಾಗಿಲು ತೆಗೆದು ಕೂತರು. ಗುರುತನ್ನೇ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಮುಟ್ಟದ ಹಾಗೆ ಒಂದೊಂದೇ ಬೆರಳಿನ ಮೇಲೆ ತಮ್ಮ ಬೆರಳು ಆಡಿಸಿದರು.

‘ಏಮಪ್ಪಾ, ಐದು ಬೆರಳವೆ?’

‘ಕೈಗೆ ಐದೇ ಅಲ್ವಾ ಯಜಮಾನ್ರೇ?’ ಅಂದೆ.

‘ನಮ್ಮನೇವಳಿಗೆ ನಾಲ್ಕೇ. ಕಿರುಬೆರಳು ಮೇವು ಕತ್ತರಿಸೋ ಮಿಷನ್ನಿಗೆ ಹೋಗಿತ್ತು.’

ಅಲ್ಲೇ ಬಗ್ಗಿ ಕಾಲು ಹಿಡಿದೆ. ಒರೆಸಿದ್ದು, ಬಜ್ಜಿ ತಂದಿದ್ದು, ಹೆಂಡತಿ ಕೈ ಊರಿದ್ದು, ಎಲ್ಲಾ ಒದರಿದೆ. ಅವಳು ಬಾಗಿಲ ಹಿಂದೆ ನಿಂತು ಸೆರಗು ಬಾಯಿಗಿಟ್ಟುಕೊಂಡು ಅಳ್ತಿದ್ದಳು. ಯಜಮಾನರು ಕನ್ನಡಕ ತೆಗೆದರು. ಹೊಡೀತಾರೆ ಅಂದ್ಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಆ ಸುಳ್ಳು ಗುರುತನ್ನಾದರೂ ಅಳಿಸೋಣ ಅಂತ ಬಟ್ಟೆ ತಗೊಂಡೆ. ತಟಕ್ಕನೆ ನನ್ನ ಕೈ ಹಿಡಿದರು. ಅವರ ಭುಜ ಅಲ್ಲಾಡ್ತಿತ್ತು. ಅಳ್ತಿದ್ದಾರೆ ಅಂತ ನೋಡಿದರೆ ನಗ್ತಿದ್ದರು, ಕಣ್ಣಲ್ಲಿ ನೀರೂ ಇತ್ತು.

‘ಇರ್ಲಿ ಬುಡಪ್ಪಾ. ಆ ಬೆರಳಿಗೆ ಬಾಳ ಕೊರಗ್ತಿದ್ಲು. ಹೋದ ಕಡೆ ಸಿಕ್ಕೈತೆ.’