ಪಿಟೀಲಿನ ಲಾಟಿಗೆ ಕೈ ಹಾಕಿದ ಭಾವ

ನಮ್ಮ ಭಾವ ಮೇಲೂರಿನ ತಮ್ಮ ಮನೆಯಲ್ಲಿ ಇಡೀ ಒಂದು ವಿಲಾಯಿತಿ ವಾದ್ಯವೃಂದವನ್ನೇ ಸಾಕಿಕೊಂಡಿದ್ದಾರೆ ಎಂದರೆ ನೀವು ನಂಬುವುದಿಲ್ಲ. ಪಿಟೀಲಿನವರು, ಕೊಳಲಿನವರು, ಕಹಳೆಯವರು, ನಗಾರಿಯವರು, ಎಲ್ಲರೂ ಇದ್ದಾರೆ! ಹಾಗಂತ ನಮ್ಮಕ್ಕ ಅವರಿಗೆಲ್ಲ ಮುದ್ದೆ ತಿರುವಬೇಕಾಗಿಲ್ಲ. ಅಷ್ಟೂ ಜನ ಒಂದು ಹಾರ್ಡ್ ಡಿಸ್ಕಿನೊಳಗೆ ತೆಪ್ಪಗೆ ಕೂತಿದ್ದಾರೆ.

ಭಾವನ ಕಸುಬು ರೇಷ್ಮೆಗೂಡು ಕೊಂಡು ನೂಲು ತೆಗೆಯುವುದು, ಹುಚ್ಚು ಸಂಗೀತದ್ದು. ಗೂಡು ಹರಡುತ್ತಿದ್ದ ಕೋಣೆಗಳಲ್ಲಿ ಒಂದಕ್ಕೆ ಕಂಪ್ಯೂಟರು, ಕೀಬೋರ್ಡು, ಸ್ಪೀಕರು ತಂದಿಟ್ಟು ಅದಕ್ಕೆ 'ಸ್ಟುಡಿಯೋ' ಎಂದು ಹೆಸರಿಟ್ಟರು. ಚಿಂತಾಮಣಿ, ಗೌರಿಬಿದನೂರಿನ ಮದುವೆ ವೀಡಿಯೋದವರಿಗೆ ಹಿನ್ನೆಲೆ ಸಂಗೀತ ಮಾಡಿಕೊಡುತ್ತಾರೆ. ನಮ್ಮ ಕಡೆಯ ಎಷ್ಟೋ ಮದುವಣಗಿತ್ತಿಯರು ಮಂಟಪಕ್ಕೆ ಬರುವುದು ಇವರ ತಾಳಕ್ಕೆ.

ಹೋದ ವರ್ಷ ಅಕ್ಕನಿಗೆ ಕಿವಿ ಸೋಂಕಾಗಿ, ಚಿಕ್ಕಬಳ್ಳಾಪುರದಲ್ಲಿ ಆಪರೇಷನ್ ಆಯಿತು. ಕೇಳುವುದು ತೀರಾ ಕಡಿಮೆಯಾಯಿತು. ಆ ಮನೆಯಲ್ಲಿ ಅಕ್ಕನ ಕಿವಿ ಎಂದರೆ ಸಾಮಾನ್ಯವೇ? ಭಾವ ತಂದ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗೆ ಹುಳ ಟಕಟಕ ಎಂದರೆ ಗೂಡು ಒಳ್ಳೆಯದು. ಸದ್ದಿಲ್ಲದಿದ್ದರೆ ಹುಳ ಒಳಗೇ ಕರಗಿದೆ ಎಂದು ಅರ್ಥ. ಆಮೇಲೆ ಭಾವನಿಗೆ ಮಂಗಳಾರತಿ! ಆಪರೇಷನ್ ಆದ ಮೇಲೆ ಅವಳು ಗೂಡು ಮುಟ್ಟುವುದನ್ನೇ ಬಿಟ್ಟಳು. ಮಂಗಳಾರತಿಯೂ ನಿಂತಿತು. ಮನೆ ಬಿಕೋ ಎನ್ನುತ್ತಿತ್ತು.

"ನಿಧಾನಕ್ಕೆ ಬರಬಹುದು, ಎಷ್ಟು ಬರುತ್ತೆ ಅಂತ ಹೇಳಕ್ಕಾಗಲ್ಲ. ತರತರದ ಶಬ್ದ ಕೇಳಿಸ್ತಾ ಇರಿ," ಎಂದಿದ್ದರು ಡಾಕ್ಟರು. ಬೇರೆ ಗಂಡಂದಿರಾಗಿದ್ದರೆ ಒಂದು ರೇಡಿಯೋ ತಂದಿಡುತ್ತಿದ್ದರು. ಭಾವ ಮಾತ್ರ ಜಗತ್ತಿನ ಅಷ್ಟೂ ವಾದ್ಯಗಳನ್ನು ತರಿಸಲು ಹೊರಟರು!

ಇದಕ್ಕೆ ಸ್ಯಾಂಪಲ್ ಲೈಬ್ರರಿ ಅನ್ನುತ್ತಾರಂತೆ. ಎಲ್ಲೋ ದೊಡ್ಡ ಹಾಲಿನಲ್ಲಿ ನಿಜವಾದ ವಾದಕರನ್ನು ಕೂರಿಸಿ, ಒಂದೊಂದೇ ಸ್ವರ ನುಡಿಸಿ ರೆಕಾರ್ಡ್ ಮಾಡಿರುತ್ತಾರೆ. ನಾವು ಇಲ್ಲಿ ಕೀ ಒತ್ತಿದರೆ ಅಲ್ಲಿಯ ಪಿಟೀಲು ನುಡಿಯುತ್ತದೆ. "ಹುಳ ಮೇಯಿಸ್ದೋನು ಯಾರೋ, ನೂಲು ತೆಗೆಯೋನು ನಾನು," ಎಂದು ಭಾವ ನನಗೆ ಪಾಠ ಹೇಳಿದರು.

ತೊಂದರೆ ಶುರುವಾದದ್ದೇ ಇಲ್ಲಿ. ಇಂಥ ಲೈಬ್ರರಿಗಳು ಒಂದೆರಡಲ್ಲ, ರಾಶಿ ರಾಶಿ ಇವೆ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಪಳಗಿದ ಮನುಷ್ಯ, ಮಾರಾಟಕ್ಕೆ ಸುರಿದ ರಾಶಿ, ಅಂದರೆ ಲಾಟಿನ ತಳಕ್ಕೆ ಕೈ ಹಾಕಿ ಹಿಡಿ ಗೂಡು ತೆಗೆದು ನೋಡದೆ ಬೆಲೆ ಕೂಗುವವರೇ ಅಲ್ಲ. ಇಂಗ್ಲಿಷ್ ಬರುತ್ತದೆಂಬ ತಪ್ಪಿಗೆ ನನ್ನನ್ನು ಚಿಕ್ಕಬಳ್ಳಾಪುರದಿಂದ ಕರೆಸಿ, ಯಾವುದೋ ದೇಶದ ಕಂಪನಿಯ ಜೊತೆ ಚಾಟಿಗೆ ಕೂರಿಸಿದರು. ನಮ್ಮ ಡೆಮೊ ಹಾಡುಗಳನ್ನು ಕೇಳಿ ಎಂದು ಆ ಕಡೆಯವರು ವಿನಯವಾಗಿ ಬರೆದರು.

"ಡೆಮೊ ಅಂದ್ರೆ ಮೇಲೆ ಹರಡಿರೋ ಗೂಡು ಕಣೋ! ಥಳಥಳ ಅಂತಾನೇ ಇರುತ್ತೆ. ತಳದಲ್ಲಿರೋದು ತೋರ್ಸು ಅನ್ನು. ನಿಮ್ಮಲ್ಲಿರೋದ್ರಲ್ಲಿ ತೀರಾ ಕೆಟ್ಟ ಸ್ವರ ಯಾವುದು ಅಂತ ಕೇಳು!"

ಕೇಳಿದೆ. ಆ ಕಡೆಯವರು ಮತ್ತೆ ಅದೇ ಡೆಮೊ ಹಾಡುಗಳನ್ನು ಕಳಿಸಿದರು. ಪಾಪ, ಇಂಥ ಗಿರಾಕಿಯನ್ನು ಅವರು ಜನ್ಮದಲ್ಲಿ ಕಂಡಿರಲಾರರು.

ಆಮೇಲೆ ಭಾವ ಉಚಿತವಾಗಿ ಸಿಕ್ಕ ಟ್ರಯಲ್‌ಗಳನ್ನೆಲ್ಲ ಇಳಿಸಿಕೊಂಡು ಒಂದೊಂದೇ ಸ್ವರ ಒತ್ತಿ ಪರೀಕ್ಷೆಗೆ ಕೂತರು. ಒಂದು ಲೈಬ್ರರಿಯ ಕೊಳಲು 'ನೆಗಡಿ ಆದ ಹಂಗಿದೆ' ಎಂದು ಫೇಲಾಯಿತು. ಇನ್ನೊಂದರ ಕಹಳೆಗೆ ಸೊಕ್ಕಂತೆ! ಚೆಲ್ಲೋ ಎಂಬ ದಪ್ಪ ಪಿಟೀಲಿನ ಸರದಿ ಬಂದ ದಿನ ಮಧ್ಯಾಹ್ನವಿಡೀ ಅದು ಗೋಳೋ ಎಂದು ಅತ್ತಿತು. ಪಕ್ಕದ ಮನೆಯ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದು, "ಎವುರು ನಾಯನಾ ಪೋಯಿಂದಿ?" ಎಂದು ತೆಲುಗಿನಲ್ಲಿ ಕೇಳಿತು. ಯಾರೂ ಹೋಗಿಲ್ಲ ಅಜ್ಜಿ, ಅದು ಪಿಟೀಲು ಎಂದು ನಂಬಿಸುವಷ್ಟರಲ್ಲಿ ನನ್ನ ಪ್ರಾಣವೇ ಹೋಗುವುದರಲ್ಲಿತ್ತು.

ಪ್ರತಿ ಲೈಬ್ರರಿಗೂ ಕೊನೆಯ ಪರೀಕ್ಷೆ ಅಕ್ಕನದು. ಭಾವ ಅವಳನ್ನು ಕರೆದು ಕೂರಿಸಿ, ಸ್ವರ ಒತ್ತಿ, ಮುಖ ನೋಡುತ್ತಿದ್ದರು. ಅಕ್ಕ ಪ್ರತಿಸಲವೂ ತಲೆಯಾಡಿಸಿ, "ಚೆನ್ನಾಗೈತೆ ಕಣ್ರೀ," ಎಂದು ಎದ್ದು ಹೋಗುತ್ತಿದ್ದಳು. ಭಾವನ ಮುಖ ಬಾಡುತ್ತಿತ್ತು.

ನನಗೆ ರೇಗಿತು. "ಅಕ್ಕ ಚೆನ್ನಾಗಿದೆ ಅಂದಳಲ್ಲ ಭಾವ, ಇನ್ನೇನು ಬೇಕು? ಕೊಂಡುಕೊಳ್ಳಿ!"

"ನಿಮ್ಮಕ್ಕ ನನ್ನ ಮದುವೆ ಆದಾಗಿಂದ ನಾನು ತಂದ ಒಂದು ಬದನೇಕಾಯಿನಾದ್ರೂ ಚೆನ್ನಾಗೈತೆ ಅಂದಿದ್ದಾಳೇನಪ್ಪಾ?" ಎಂದರು ಭಾವ, ದನಿ ತಗ್ಗಿಸಿ. "ಅವಳಿಗೆ ಕೇಳಿಸ್ತಾ ಇಲ್ಲ ಕಣೋ. ನನಗೆ ಬೇಜಾರಾಗ್ಬಾರ್ದು ಅಂತ ಹಂಗಂತಾಳೆ."

ಅಕ್ಕ ಹೊಗಳಿದರೆ ಹೆದರಬೇಕು ಎಂಬುದು ಅವಳ ತಮ್ಮನಾದ ನನಗೇ ಹೊಳೆದಿರಲಿಲ್ಲ.

ಅಂತೂ ಇಂತೂ ಒಂದು ಲೈಬ್ರರಿ ಭಾವನ ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು. ಕೊಂಡರು. ಇಳಿಸಿಕೊಳ್ಳುವಾಗ ಕರೆಂಟು ತನ್ನ ಪದ್ಧತಿಯಂತೆ ಹೋಗಿ ಬಂದು ಮಾಡಿತು. ಸೋಮವಾರ ಬೆಳಿಗ್ಗೆ ಹಾರ್ಡ್ ಡಿಸ್ಕಿಗೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದರು. ಕಾಯಿಯ ನೀರು ಕೀಬೋರ್ಡಿಗೆ ಸಿಡಿಯದಂತೆ ಟವಲು ಹಿಡಿದು ನಿಲ್ಲುವ ಭಾಗ್ಯ ನನ್ನದಾಯಿತು.

ಭಾವ ಪಿಟೀಲಿನ ಒಂದು ಸ್ವರ ಒತ್ತಿದರು. ಅಕ್ಕ ಬಾಗಿಲಲ್ಲಿ ತೆಂಗಿನ ಚಿಪ್ಪು ಹಿಡಿದು ನಿಂತಿದ್ದಳು. ಇನ್ನೊಂದು ಸ್ವರ. ಮತ್ತೊಂದು. ಅಕ್ಕನ ಹುಬ್ಬು ಗಂಟಿಕ್ಕಿತು.

"ಥೂ, ಇದೇನ್ರೀ ಇದು? ಪಿಟೀಲಿನ ಹಿಂದೆ ಯಾರೋ ಕುರ್ಚಿ ಕಿರುಗುಟ್ಟಿಸ್ತಾವ್ರೆ! ಇಷ್ಟು ದಿನ ಕೂತ್ಕೊಂಡು ಕಿವಿ ಕೊಟ್ಟು ಆರಿಸಿದ್ದು ಇದನ್ನೇನಾ?"

ಭಾವ ಮತ್ತೆ ಒತ್ತಿದರು. ನಾನು ಸ್ಪೀಕರಿಗೆ ಕಿವಿ ಹಚ್ಚಿದೆ. ಹೌದು! ಪಿಟೀಲು ಏರುವಾಗ ಹಿಂದೆಲ್ಲೋ ಸಣ್ಣಗೆ ಒಂದು ಕಿರ್ರ್! ನುಡಿಸುವಾಗ ಯಾವನೋ ಪುಣ್ಯಾತ್ಮ ಕುರ್ಚಿಯಲ್ಲಿ ಮಿಸುಕಿದ್ದಾನೆ. ಭಾವ ಅಷ್ಟು ದಿನ ತಳದವರೆಗೆ ಕೈ ಹಾಕಿದರೂ ಸಿಕ್ಕದ ಕೆಟ್ಟ ಗೂಡು!

ನನಗೆ ಸಿಟ್ಟು ಬಂತು. "ಕಂಪನಿಗೆ ದೂರು ಬರೆಯೋಣ ಭಾವ, ಸರಿಮಾಡಿ ಅಪ್‌ಡೇಟ್ ಕಳಿಸ್ತಾರೆ," ಎಂದೆ.

"ಮುಟ್ಟಬೇಡ!" ಎಂದರು ಭಾವ. ನೋಡಿದರೆ ಕಣ್ಣಲ್ಲಿ ನೀರು. "ಅಪ್‌ಡೇಟೂ ಬೇಡ, ಗಿಪ್‌ಡೇಟೂ ಬೇಡ. ಬೈದಳು ಕಣೋ! ನಿಮ್ಮಕ್ಕ ಬೈದಳು!"

ಅಕ್ಕನಿಗೂ ಆಗಲೇ ಹೊಳೆದಿರಬೇಕು. ಚಿಪ್ಪು ಕೆಳಗಿಟ್ಟು ಪಕ್ಕದ ಕೋಣೆಗೆ ಹೋಗಿ ಒಂದು ಗೂಡು ಎತ್ತಿಕೊಂಡು ಬಂದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ಟಕಟಕ ಅಂತೈತೆ," ಎಂದಳು. ನಾನು ಮುಖ ಒರೆಸಿಕೊಳ್ಳುವ ನೆಪದಲ್ಲಿ ಟವಲಿನಲ್ಲಿ ಕಣ್ಣೊರೆಸಿಕೊಂಡೆ.

ನೀವು ಚಿಂತಾಮಣಿ ಕಡೆಯ ಮದುವೆ ವೀಡಿಯೋ ನೋಡುವಾಗ, ಮದುಮಗಳು ಮಂಟಪಕ್ಕೆ ಬರುವ ಹೊತ್ತಿಗೆ ಪಿಟೀಲುಗಳ ಹಿಂದೆ ಒಂದು ಕುರ್ಚಿ ಕಿರುಗುಟ್ಟಿದರೆ ತಪ್ಪು ತಿಳಿಯಬೇಡಿ. ಭಾವ ಬೇಕೆಂದೇ ಇಡುತ್ತಾರೆ. ಇಟ್ಟು, ಸ್ಪೀಕರಿನ ಸದ್ದು ಸಣ್ಣಗೆ ಮಾಡಿ ಒಂದು ಸಲ ನುಡಿಸಿ, ಅಡುಗೆಮನೆ ಕಡೆ ತಿರುಗಿ ಕಾಯುತ್ತಾರೆ. ಅಲ್ಲಿಂದ ಅಕ್ಕನ ಬೈಗುಳ ಬಂದ ಮೇಲೆಯೇ ವೀಡಿಯೋದವರಿಗೆ ಸಂಗೀತ ಕಳಿಸುವುದು.